ಕಾಲು ಸೆಕೆಂಡಿನ ಪಾಠ

ಪೀಣ್ಯದಲ್ಲಿ ಯಾವ ಅಡ್ಡರಸ್ತೆಗೆ ತಿರುಗಿದರೂ ಒಂದು ಸದ್ದು ಜತೆಗೇ ಬರುತ್ತದೆ. ತಗಡಿನ ಶೆಡ್ಡುಗಳೊಳಗಿಂದ ಧಡ್, ಧಡ್ ಎಂದು ಒಂದೇ ಸಮನೆ ಕೇಳುವ ಅದು ಪವರ್ ಪ್ರೆಸ್ಸಿನ ಸದ್ದು. ವಾಷರ್, ಬ್ರ್ಯಾಕೆಟ್, ಹಿಂಜ್, ಸ್ವಿಚ್ ಬಾಕ್ಸಿನ ಮುಚ್ಚಳ ಹೀಗೆ ದಿನವೂ ಕಣ್ಣಿಗೆ ಬೀಳುವ ಲೆಕ್ಕವಿಲ್ಲದಷ್ಟು ತಗಡಿನ ಸಾಮಾನುಗಳು ಅದರ ಏಟು ತಿಂದೇ ಆಕಾರ ಪಡೆದವು. ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರನ್ನು ಮಾತನಾಡಿಸುತ್ತ ಹೋದರೂ ಮತ್ತೆ ಮತ್ತೆ ಎದುರಾಗುವುದು ಇದೇ ಯಂತ್ರ. ಗುರುಗ್ರಾಮ, ಮಾನೇಸರ್ ಭಾಗದ ವಾಹನ ಬಿಡಿಭಾಗ ಘಟಕಗಳ ಗಾಯಾಳುಗಳ ನಡುವೆ ಕೆಲಸ ಮಾಡುವ ‘ಸೇಫ್ ಇನ್ ಇಂಡಿಯಾ’ ಸಂಸ್ಥೆ 2019ರಿಂದ ಹೊರತರುತ್ತಿರುವ ‘ಕ್ರಶ್ಡ್’ ವರದಿಗಳಲ್ಲೂ ಕೈ ನಜ್ಜಾದವರ ದೊಡ್ಡ ಪಾಲು ಪವರ್ ಪ್ರೆಸ್ಸಿನ ಮುಂದೆ ಕೂತಿದ್ದವರದೇ. ಯಂತ್ರದ ಮುಂದೆ ನಿಲ್ಲುವವರಿಗೆ ಸುರಕ್ಷತೆಯನ್ನು ಕಲಿಸುವುದು ಹೇಗೆ ಎಂಬ ಈ ಅಧ್ಯಾಯವನ್ನು ಹಾಗಾಗಿ ಪ್ರೆಸ್ಸಿನಿಂದಲೇ ಆರಂಭಿಸೋಣ.

ಯಂತ್ರದ ರಚನೆ ಸರಳ. ನೆತ್ತಿಯ ಬಳಿ ಒಂದು ಭಾರಿ ಫ್ಲೈವೀಲ್ ಬೆಲ್ಟಿನ ಬಲದಿಂದ ಸದಾ ತಿರುಗುತ್ತಿರುತ್ತದೆ. ಅದರ ಕೆಳಗೆ ಮೇಲಕ್ಕೂ ಕೆಳಕ್ಕೂ ಆಡುವ ರ‍್ಯಾಮ್, ರ‍್ಯಾಮಿನ ತುದಿಗೆ ಪಂಚ್. ಪಂಚ್ ಬಂದು ಕೂರುವ ಕೆಳಗಿನ ಅಚ್ಚೇ ಡೈ. ಕೆಲಸಗಾರ ತಗಡಿನ ತುಂಡನ್ನು ಡೈ ಮೇಲಿಟ್ಟು, ಕೈ ಹಿಂದಕ್ಕೆಳೆದುಕೊಂಡು, ಪೆಡಲ್ ಒತ್ತುತ್ತಾನೆ. ಆಗ ಕ್ಲಚ್ಚಿನ ಪಿನ್ನು ತಿರುಗುತ್ತಿರುವ ಫ್ಲೈವೀಲಿನ ಕಚ್ಚಿಗೆ ಬಿದ್ದು, ಕ್ರ್ಯಾಂಕ್ ಒಂದು ಸುತ್ತು ಹಾಕಿ, ರ‍್ಯಾಮ್ ಇಳಿದು ಏರುತ್ತದೆ. ಸಣ್ಣ ಶೆಡ್ಡುಗಳಲ್ಲಿ ಇಂದಿಗೂ ದಂಡಿಯಾಗಿ ಕಾಣುವ ಈ ಹಳೆಯ ಬಗೆಯ ಪ್ರೆಸ್ಸುಗಳಿಗೆ ಒಂದು ಹಠಮಾರಿ ಗುಣವಿದೆ. ಪಿನ್ನು ಒಮ್ಮೆ ಬಿದ್ದರೆ ಸುತ್ತು ಪೂರ್ತಿಯಾಗಲೇಬೇಕು. ನಡುದಾರಿಯಲ್ಲಿ ರ‍್ಯಾಮನ್ನು ತಡೆಯುವ ಉಪಾಯವೇ ಇಲ್ಲ. ಸ್ವಿಚ್ ಆರಿಸಿದರೂ ಪ್ರಯೋಜನವಿಲ್ಲ. ಫ್ಲೈವೀಲಿನಲ್ಲಿ ಕೂಡಿಕೊಂಡಿರುವ ಶಕ್ತಿಯೇ ಆ ಏಟಿಗೆ ಧಾರಾಳ ಸಾಕು.

ಕಾಲದ ಲೆಕ್ಕ ನೋಡಿ. ನಿಮಿಷಕ್ಕೆ 60 ಸುತ್ತು ತಿರುಗುವ ಪ್ರೆಸ್ಸಿನಲ್ಲಿ ರ‍್ಯಾಮ್ ಮೇಲಿಂದ ಕೆಳಗಿಳಿಯಲು ಅರ್ಧ ಸೆಕೆಂಡು ಬೇಕು. 120 ಸುತ್ತಿನದಾದರೆ ಕಾಲು ಸೆಕೆಂಡು. ಇತ್ತ ಮನುಷ್ಯನ ಶರೀರ ಎಷ್ಟು ಚುರುಕು? ನರಗಳಲ್ಲಿ ಸುದ್ದಿ ಓಡಲು ಸಮಯವೇ ಹಿಡಿಯುವುದಿಲ್ಲ ಎಂದೇ 19ನೇ ಶತಮಾನದ ಮೊದಲರ್ಧದ ವಿದ್ವಾಂಸರಲ್ಲಿ ಅನೇಕರು ನಂಬಿದ್ದರು. ಹರ್ಮನ್ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ಕಾಲಿನ ನರದ ಮೇಲೆ ಪ್ರಯೋಗ ಮಾಡಿ, ಅಲ್ಲಿ ಸುದ್ದಿಯ ವೇಗ ಸೆಕೆಂಡಿಗೆ ಸುಮಾರು 30 ಮೀಟರ್ ಮಾತ್ರ ಎಂದು ತೋರಿಸಿದ. ಮನುಷ್ಯನ ನರಗಳು ಅದಕ್ಕಿಂತ ವೇಗದವು, ನಿಜ. ಆದರೆ ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸಿ, ನಿರ್ಧರಿಸಿ, ಸ್ನಾಯುವಿಗೆ ಆಜ್ಞೆ ಕೊಡುವುದರೊಳಗೆ ಕಾಲು ಸೆಕೆಂಡಿನ ಆಸುಪಾಸು ಕಳೆದಿರುತ್ತದೆ. ಅದೂ ಪ್ರಯೋಗಶಾಲೆಯಲ್ಲಿ, ದೀಪ ಹೊತ್ತಿಕೊಳ್ಳುವುದನ್ನೇ ಕಾಯುತ್ತ ಕೂತವರ ಅಳತೆ. ಮಧ್ಯಾಹ್ನದ ಊಟ ಮುಗಿಸಿ ಮೂರು ಸಾವಿರದ ಚಿಲ್ಲರೆ ಪೀಸು ಹೊಡೆದವನದು ಇದಕ್ಕಿಂತ ನಿಧಾನ. ಕೈ ಕದಲಿ ಹೊರಬರಲು ಬೇಕಾದ ಸಮಯವನ್ನು ನಾನಿನ್ನೂ ಸೇರಿಸಿಲ್ಲ.

ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಪೆಡಲ್ ಒತ್ತಿದ ಕೂಡಲೇ ಪಿನ್ನು ಕಚ್ಚಿಕೊಳ್ಳುತ್ತದೆ ಎಂದೇನಿಲ್ಲ. ಫ್ಲೈವೀಲಿನಲ್ಲಿ ಒಂದೇ ಕಚ್ಚು ಇದ್ದರೆ, ಅದು ತಿರುಗಿ ಪಿನ್ನಿನ ಎದುರು ಬರುವವರೆಗೆ ಕಾಯಬೇಕು. ಕೆಲವೊಮ್ಮೆ ತಕ್ಷಣ, ಕೆಲವೊಮ್ಮೆ ಹೆಚ್ಚುಕಡಿಮೆ ಒಂದು ಇಡೀ ಸುತ್ತಾದ ಮೇಲೆ. ಅಂದರೆ 60 ಸುತ್ತಿನ ಪ್ರೆಸ್ಸಿನಲ್ಲಿ ಪೆಡಲ್ ಒತ್ತಿ ಅರ್ಧ ಸೆಕೆಂಡಿಗೆ ಏಟು ಬೀಳಬಹುದು, ಒಂದೂವರೆ ಸೆಕೆಂಡಿಗೂ ಬೀಳಬಹುದು. ಇಲ್ಲೇ ಬೆರಳು ಹೋಗುವುದು. ಒತ್ತಿದೆ, ಬರಲಿಲ್ಲ, ಪೀಸು ಸ್ವಲ್ಪ ಓರೆಯಾಗಿದೆ, ಸರಿ ಮಾಡೋಣ ಎಂದು ಕೈ ಒಳಗೆ ಹೋಗುತ್ತದೆ. ಆಗ ರ‍್ಯಾಮ್ ಇಳಿಯುತ್ತದೆ.

ತಿರುಗುವ ಯಂತ್ರಗಳದು ಬೇರೆ ಕತೆ, ಲೆಕ್ಕ ಮಾತ್ರ ಅದೇ. ನಮ್ಮ ಕಾರ್ಖಾನೆಗಳ ಸಾಮಾನ್ಯ ಮೋಟಾರ್ ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ 24. ಅದರ ಶಾಫ್ಟು ಬರೀ 25 ಮಿಲಿಮೀಟರ್ ದಪ್ಪದ್ದು ಎಂದಿಟ್ಟುಕೊಳ್ಳಿ. ಸುತ್ತಳತೆ ಎಂಟು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ. ಅಂಗಿಯ ತೋಳಿನ ಎಳೆಯೊಂದು ಅದಕ್ಕೆ ಸಿಕ್ಕರೆ ಸೆಕೆಂಡಿಗೆ ಸುಮಾರು 1.9 ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಏನೋ ಎಳೆದಂತಾಯಿತಲ್ಲ ಎಂದು ಅರಿವಿಗೆ ಬರುವ ಕಾಲು ಸೆಕೆಂಡಿನಲ್ಲಿ 47 ಸೆಂಟಿಮೀಟರ್ ಒಳಗೆ ಹೋಗಿಯಾಯಿತು. ಮುಂಗೈಯಿಂದ ಮೊಣಕೈ ದಾಟಿ ಮೇಲಕ್ಕೆ ಅಳೆದು ನೋಡಿ, ಅಷ್ಟು ದೂರ. ವೇಲು, ಸೆರಗು, ಜಡೆ, ಕೈಗೆ ಕಟ್ಟಿದ ದಾರ ಯಾವುದಕ್ಕೂ ಇದೇ ಲೆಕ್ಕ. ಡ್ರಿಲ್ಲಿಂಗ್ ಮೆಷಿನ್ ಮುಂದೆ ಕೈಗವಸು ಹಾಕಬಾರದು ಎಂಬ ನಿಯಮ ಹೊಸಬರಿಗೆ ವಿಚಿತ್ರವೆನಿಸುವುದುಂಟು. ಕೈಗವಸು ರಕ್ಷಣೆಗಲ್ಲವೇ? ಬಿಸಿ ತಗಡು, ಚೂಪಾದ ಅಂಚುಗಳಿಗೆ ಹೌದು. ತಿರುಗುವ ಡ್ರಿಲ್ ಬಿಟ್ಟಿಗೆ ಸಿಕ್ಕ ಕೈಗವಸು ಕೈಯನ್ನೇ ಹಿಡಿದುಕೊಂಡು ಹೋಗುತ್ತದೆ.

ಅಪಾಯ ಎದುರಾದ ಮೇಲೆ ಯೋಚಿಸಿ ಪಾರಾಗಲು ಯಂತ್ರ ನಮಗೆ ಸಮಯ ಕೊಡುವುದಿಲ್ಲ. ಸುರಕ್ಷತಾ ತರಬೇತಿಯ ಇಡೀ ವಿಜ್ಞಾನ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಆ ಕಾಲು ಸೆಕೆಂಡಿನಲ್ಲಿ ಏನಾಗಬೇಕೋ ಅದು ಮೊದಲೇ ನಿರ್ಧಾರವಾಗಿರಬೇಕು, ಒಂದೋ ಕೆಲಸಗಾರನ ಕೈಯಲ್ಲಿ, ಇಲ್ಲವೇ ಯಂತ್ರದಲ್ಲಿ. ನಮ್ಮಲ್ಲಿ ನಡೆಯುವ ಬಹುಪಾಲು ‘ಸೇಫ್ಟಿ ಟ್ರೈನಿಂಗ್’ ಇವೆರಡನ್ನೂ ಮುಟ್ಟುವುದಿಲ್ಲ. ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ ಬರುತ್ತದೆ. ಗೇಟಿನಲ್ಲಿ ಬ್ಯಾನರ್, ಕ್ಯಾಂಟೀನಿನಲ್ಲಿ ಪ್ರೊಜೆಕ್ಟರ್, ಪ್ರತಿಜ್ಞೆ, ಘೋಷಣೆ ಬರೆಯುವ ಸ್ಪರ್ಧೆ, ಬಹುಮಾನಕ್ಕೆ ಸ್ಟೀಲ್ ಡಬ್ಬಿ. ಕೊನೆಗೆ ಹಾಜರಾತಿ ಪುಸ್ತಕದಲ್ಲಿ ಎಲ್ಲರ ಸಹಿ. ಆ ಸಹಿ ನಾಳೆ ಅಪಘಾತವಾದರೆ ಯಾರನ್ನು ಕಾಯುತ್ತದೆ ಎಂಬುದು ಸಹಿ ಹಾಕುವವರಿಗೂ ಗೊತ್ತು.

ಕೇಳಿದ ಪಾಠ ಕೈಗೆ ಏಕೆ ಇಳಿಯುವುದಿಲ್ಲ? ಇದಕ್ಕೆ ಉತ್ತರದ ಮೊದಲ ಎಳೆ ಸಿಕ್ಕಿದ್ದು ಕಾರ್ಖಾನೆಯಿಂದ ಬಹು ದೂರದಲ್ಲಿ, ಒಬ್ಬ ರೋಗಿಯ ಮೇಜಿನ ಮೇಲೆ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ತೀವ್ರ ಮೂರ್ಛೆರೋಗವಿತ್ತು. 1953ರಲ್ಲಿ ಅವನ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ಶಸ್ತ್ರಕ್ರಿಯೆಯಿಂದ ತೆಗೆದರು. ಮೂರ್ಛೆ ಕಡಿಮೆಯಾಯಿತು, ಜತೆಗೆ ಹೊಸ ಸಂಗತಿಗಳನ್ನು ನೆನಪಿಡುವ ಶಕ್ತಿಯೂ ಹೋಯಿತು. ಈಗತಾನೇ ಮಾತನಾಡಿಸಿ ಹೋದವರು ಮತ್ತೆ ಬಂದರೆ ಅವನಿಗೆ ಹೊಸಬರು. ಕೆನಡಾದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೊಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ತನ್ನ ಕೈಯನ್ನು ನೋಡುತ್ತ, ನಕ್ಷತ್ರದ ಚಿತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಎಡ ಬಲ ತಿರುವುಮುರುವಾಗುವುದರಿಂದ ಯಾರಿಗೇ ಆದರೂ ಇದು ಮೊದಮೊದಲು ತಪ್ಪುತ್ತದೆ. ಮೊಲೈಸನ್ ಮೂರು ದಿನ ಅಭ್ಯಾಸ ಮಾಡಿದ. ದಿನದಿಂದ ದಿನಕ್ಕೆ ತಪ್ಪುಗಳು ಇಳಿದವು, ಮೂರನೆಯ ದಿನಕ್ಕೆ ಕೈ ಪಳಗಿತ್ತು. ಆದರೆ ಪ್ರತಿ ದಿನವೂ ಅವನ ಪಾಲಿಗೆ ಆ ನಕ್ಷತ್ರ ಹೊಚ್ಚ ಹೊಸದು, ಇಂಥದ್ದೊಂದನ್ನು ಮಾಡಿದ ನೆನಪೇ ಇಲ್ಲ. ಹೇಳಬಲ್ಲ ನೆನಪು ಬೇರೆ, ಮಾಡಬಲ್ಲ ನೆನಪು ಬೇರೆ, ಎರಡಕ್ಕೂ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳಿವೆ ಎಂಬುದು 1960ರ ದಶಕದ ಈ ಕೆಲಸದಿಂದ ಖಚಿತವಾಗುತ್ತ ಬಂತು.

ಕ್ಯಾಂಟೀನಿನ ಪ್ರೊಜೆಕ್ಟರ್ ತುಂಬುವುದು ಮೊದಲನೆಯ ನೆನಪನ್ನು. ಪ್ರೆಸ್ಸಿನ ಮುಂದೆ ಓಡುವುದು ಎರಡನೆಯದು. ‘ಡೈ ಒಳಗೆ ಕೈ ಹಾಕಬಾರದು’ ಎಂದು ಪರೀಕ್ಷೆಯಲ್ಲಿ ಸರಿಯಾಗಿ ಬರೆದವನ ಕೈಯೇ ಡೈ ಒಳಗೆ ಹೋಗುವುದು ಅವನು ಮರೆತದ್ದರಿಂದಲ್ಲ. ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ 1967ರಲ್ಲಿ ಕೌಶಲ ಕಲಿಕೆಯ ಮೂರು ಹಂತಗಳನ್ನು ವಿವರಿಸಿದರು. ಮೊದಲು ಪ್ರತಿ ಹೆಜ್ಜೆಯನ್ನೂ ಯೋಚಿಸಿ ಮಾಡುತ್ತೇವೆ, ಬಳಿಕ ಹೆಜ್ಜೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಕೊನೆಗೆ ಯೋಚನೆಯ ಹಂಗಿಲ್ಲದೆ ಕೆಲಸ ತಾನಾಗಿ ನಡೆಯುತ್ತದೆ. ಸುರಕ್ಷತೆಯ ಹೆಜ್ಜೆಗಳು ಮೊದಲ ದಿನದಿಂದಲೇ ಕೆಲಸದೊಳಗೆ ಬೆಸೆದುಕೊಂಡಿದ್ದರೆ ಮೂರನೆಯ ಹಂತದಲ್ಲೂ ಉಳಿದಿರುತ್ತವೆ. ಕೆಲಸ ಕಲಿತಾದ ಮೇಲೆ ಸುರಕ್ಷತೆಯನ್ನು ಮೇಲಿನಿಂದ ಅಂಟಿಸಲು ಹೊರಟರೆ, ಟಾರ್ಗೆಟ್ಟಿನ ಒತ್ತಡ ಬಂದ ದಿನ ಮೊದಲು ಕಳಚಿ ಬೀಳುವುದು ಅದೇ.

ಹಾಗಾದರೆ ಕೈಗೆ ಕಲಿಸುವುದು ಹೇಗೆ? ಮಲ್ಲಿಗೆ ಹೂ ಕಟ್ಟುವ ಹೆಂಗಸನ್ನು, ಕೈ ಆಡಿಸದೆ ಬರೀ ಬಾಯಲ್ಲಿ ಹೇಳಿಕೊಡಿ ಎಂದು ಕೇಳಿ ನೋಡಿ. ಆಕೆಗೆ ಬರುವುದಿಲ್ಲ, ನಮಗೆ ತಿಳಿಯುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕ ಹೆಚ್ಚುಕಡಿಮೆ ಇದೇ ಪ್ರಯೋಗವನ್ನು ದೇಶದುದ್ದಕ್ಕೂ ಮಾಡಿತು. ನುರಿತ ಕೆಲಸಗಾರರು ಸೈನ್ಯ ಸೇರಿದ್ದರು, ಅವರ ಜಾಗಕ್ಕೆ ಯಂತ್ರವನ್ನೇ ಕಾಣದವರು ಬಂದಿದ್ದರು. 1940ರಲ್ಲಿ ಆರಂಭವಾದ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಕಾರ್ಯಕ್ರಮ 1945ರ ಹೊತ್ತಿಗೆ 16 ಲಕ್ಷಕ್ಕೂ ಹೆಚ್ಚು ಜನರಿಗೆ, ಮುಖ್ಯವಾಗಿ ಸೂಪರ್‌ವೈಸರುಗಳಿಗೆ, ಕಲಿಸುವುದು ಹೇಗೆಂದು ಕಲಿಸಿತು. ಅದರ ಮೊದಲ ಪಾಠಕ್ಕೆ ಬೇಕಾಗಿದ್ದುದು ಒಂದು ತುಂಡು ವೈರ್. ಬಲ್ಬ್ ಹೋಲ್ಡರಿನೊಳಗೆ ವೈರು ಜಗ್ಗಿ ಕಿತ್ತು ಬಾರದಂತೆ ಎಲೆಕ್ಟ್ರಿಷಿಯನ್ನರು ಹಾಕುವ ಒಂದು ಗಂಟಿದೆ. ತರಬೇತುದಾರ ಒಬ್ಬನನ್ನು ಮುಂದೆ ಕರೆದು ಗಂಟು ಹಾಕುವ ಬಗೆಯನ್ನು ಬಾಯಲ್ಲಿ ಮಾತ್ರ ವಿವರಿಸುತ್ತಿದ್ದ. ಆಗುತ್ತಿರಲಿಲ್ಲ. ಇನ್ನೊಬ್ಬನಿಗೆ ಮಾತಿಲ್ಲದೆ ಹಾಕಿ ತೋರಿಸುತ್ತಿದ್ದ. ಆಗಲೂ ಆಗುತ್ತಿರಲಿಲ್ಲ. ಎದುರು ನಿಂತವನಿಗೆ ಎಡ ಬಲ ಅದಲುಬದಲಾಗಿ ಕಾಣುವುದೂ ಇದಕ್ಕೆ ಒಂದು ಕಾರಣ. ಮೂರನೆಯ ಬಾರಿ ಕ್ರಮಬದ್ಧವಾಗಿ ಕಲಿಸುತ್ತಿದ್ದ. ಕಲಿಯುವವನನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ, ಒಂದೊಂದೇ ಹೆಜ್ಜೆ ಹೇಳುತ್ತ ತೋರಿಸಿ, ಪ್ರತಿ ಹೆಜ್ಜೆಯ ಮುಖ್ಯ ಸೂಕ್ಷ್ಮವನ್ನು ಎತ್ತಿ ಹೇಳಿ, ಬಳಿಕ ಅವನ ಕೈಯಿಂದಲೇ ಮಾಡಿಸುತ್ತ, ಏನು ಮಾಡುತ್ತಿದ್ದೇನೆ, ಏಕೆ ಎಂದು ಅವನ ಬಾಯಿಂದಲೇ ಹೇಳಿಸುತ್ತಿದ್ದ. ಅವನು ಒಬ್ಬನೇ ಸರಿಯಾಗಿ ಮಾಡುತ್ತಾನೆಂದು ಖಾತ್ರಿಯಾದ ಮೇಲೂ ಆಗಾಗ ಹೋಗಿ ನೋಡಬೇಕೆಂಬುದು ಕೊನೆಯ ಹೆಜ್ಜೆ. ನಮ್ಮ ಶೆಡ್ಡುಗಳಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ.

ಪ್ರೆಸ್ಸಿನ ಮುಂದೆ ಇಂಥ ಪಾಠ ಹೇಗಿರಬೇಕು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲ ದಿನ ಮೋಟಾರ್ ಬಂದ್. ಫ್ಲೈವೀಲ್ ಪೂರ್ತಿ ನಿಂತಿದೆ. ಕಲಿಯುವ ಹುಡುಗ ಫ್ಲೈವೀಲಿನ ತೂತಿಗೆ ಸರಳು ಹಾಕಿ ಕೈಯಾರೆ ತಿರುಗಿಸುತ್ತಾನೆ, ರ‍್ಯಾಮ್ ಇಂಚಿಂಚಾಗಿ ಇಳಿಯುತ್ತದೆ. ಪಂಚು ಡೈಗಳ ನಡುವಿನ ಸಂದು ಮೆಲ್ಲಮೆಲ್ಲನೆ ಬೆರಳಿನಷ್ಟಕ್ಕೆ ಕಿರಿದಾಗಿ, ನಡುವೆ ಇಟ್ಟ ರಟ್ಟಿನ ಚೂರು ಕತ್ತರಿಸಿ ಬೀಳುವುದನ್ನು ಅವನು ತನ್ನ ತೋಳಿನ ಬಲದಲ್ಲೇ ಅನುಭವಿಸುತ್ತಾನೆ. ಸರಳನ್ನು ಹೊರಗೆ ತೆಗೆಯದೆ ಮೋಟಾರಿನ ಹತ್ತಿರ ಹೋಗಬಾರದು ಎಂಬುದು ಇಲ್ಲಿನ ಸೂಕ್ಷ್ಮ. ತಿರುಗತೊಡಗಿದ ಫ್ಲೈವೀಲ್ ಆ ಸರಳನ್ನು ಎಸೆಯಬಲ್ಲದು. ಆಮೇಲೆ ಇಕ್ಕಳ. ಪ್ರೆಸ್ ಸತ್ತಂತೆ ನಿಂತಿರುವಾಗಲೇ ನೂರಾರು ಬಾರಿ ಇಕ್ಕಳದಿಂದ ಪೀಸು ಇಡುವುದು, ತೆಗೆಯುವುದು. ಬೆರಳಿಗಿಂತ ಇಕ್ಕಳ ನಿಧಾನ ಎಂಬ ದೂರು ಎಲ್ಲ ಶೆಡ್ಡುಗಳಲ್ಲೂ ಇದೆ, ಹೊಸಬನ ಕೈಯಲ್ಲಿ ಅದು ನಿಜವೂ ಹೌದು. ಇಕ್ಕಳದಲ್ಲೇ ಕೈ ಪಳಗಿದವನಿಗೆ ಆ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ. ಪಳಗಲು ಸಮಯ ಕೊಡದೆ ದೂರುವುದು ನ್ಯಾಯವಲ್ಲ.

ಬಹಳ ಮುಖ್ಯವಾದದ್ದು ಪೀಸು ಸಿಕ್ಕಿಕೊಂಡಾಗಿನ ಅಭ್ಯಾಸ. ಎಲ್ಲ ಸರಿಯಿದ್ದಾಗ ಕೆಲಸ ಮಾಡುವುದನ್ನು ಎಲ್ಲರೂ ಕಲಿಸುತ್ತಾರೆ. ಕೈ ಒಳಗೆ ಹೋಗುವುದು ಏನೋ ಕೆಟ್ಟಾಗ. ಆದ್ದರಿಂದ ತರಬೇತುದಾರ ಮುನ್ಸೂಚನೆ ಕೊಡದೆ ಡೈಯಲ್ಲಿ ಪೀಸು ಸಿಕ್ಕಿಸಿಡಬೇಕು. ಕಲಿಯುವವನು ಮೊದಲು ಪೆಡಲಿನಿಂದ ಕಾಲು ತೆಗೆದು ಹಿಂದೆ ಸರಿಯಬೇಕು. ಮೋಟಾರ್ ಆರಿಸಬೇಕು. ಫ್ಲೈವೀಲ್ ನಿಲ್ಲುವವರೆಗೆ ಸುಮ್ಮನೆ ಕಾಯಬೇಕು. ರ‍್ಯಾಮ್ ಮತ್ತು ಡೈ ನಡುವೆ ಸೇಫ್ಟಿ ಬ್ಲಾಕ್ ಇಡಬೇಕು. ಆಮೇಲಷ್ಟೇ ಕೊಕ್ಕೆ ಹಾಕಿ ಪೀಸು ಎಳೆಯಬೇಕು. ಇವುಗಳಲ್ಲಿ ಕಲಿಯಲು ಕಷ್ಟವಾದದ್ದು ಕಾಯುವುದು. ಸೂಪರ್‌ವೈಸರ್ ನೋಡುತ್ತಿದ್ದಾನೆ, ಲೈನ್ ನಿಂತಿದೆ, ತಾನು ಕೈಕಟ್ಟಿ ನಿಂತಿದ್ದೇನೆ ಎಂಬ ಸಂಕೋಚವನ್ನು ದಾಟಲು ಕೂಡ ಅಭ್ಯಾಸ ಬೇಕು, ಸೂಪರ್‌ವೈಸರನ ಎದುರಿಗೇ ಬೇಕು.

ಎಮರ್ಜೆನ್ಸಿ ಸ್ಟಾಪ್ ಗುಂಡಿಯ ಅವಸ್ಥೆಯೂ ಇದೇ. ಹಳದಿ ಹಿನ್ನೆಲೆಯ ಮೇಲೆ ಅಣಬೆಯಾಕಾರದ ಕೆಂಪು ಗುಂಡಿ ಎಲ್ಲ ದೊಡ್ಡ ಯಂತ್ರಗಳಲ್ಲೂ ಇರುತ್ತದೆ. ಅದನ್ನು ವರ್ಷಗಟ್ಟಲೆ ಒಮ್ಮೆಯೂ ಒತ್ತಿರದ ಕೆಲಸಗಾರರು ಬಹಳ, ಒತ್ತಿದರೆ ಮಾಲು ಹಾಳಾಗಿ ಬೈಗುಳ ತಿನ್ನಬೇಕಲ್ಲ. ಬೆರಳು ಒಂದು ಬಾರಿಯೂ ಹೋಗದ ಜಾಗಕ್ಕೆ ಗಾಬರಿಯ ಹೊತ್ತಿನಲ್ಲಿ ಅದು ತಾನಾಗಿ ಹೋಗುವುದಿಲ್ಲ. ಕಣ್ಣು ಮುಚ್ಚಿ ಕೈ ಚಾಚಿದರೆ ಸಿಗುವಷ್ಟು ಅಭ್ಯಾಸವಾಗಬೇಕು. ಗುಂಡಿ ಒತ್ತಿದರೂ ಯಾವ ಯಂತ್ರದಲ್ಲಿ ಫ್ಲೈವೀಲ್ ಓಡುತ್ತಲೇ ಇರುತ್ತದೆ ಎಂಬುದನ್ನೂ ಒತ್ತಿಸಿಯೇ ತೋರಿಸಬೇಕು.

ರಿಪೇರಿಗೆ ಇಳಿಯುವವರ ತರಬೇತಿ ಬೇರೆ. ಮೇಂಟೆನೆನ್ಸ್ ಹುಡುಗ ಯಂತ್ರದೊಳಗೆ ತಲೆ ಹಾಕಿರುವಾಗ ಯಾರೋ ಬಂದು ಸ್ವಿಚ್ ಹಾಕುವುದು ಹಳೆಯ ದುರಂತ. ಇದಕ್ಕೆ ಮದ್ದು ಬೀಗ. ಮೇನ್ ಸ್ವಿಚ್ಚನ್ನು ಆರಿಸಿ, ಅದಕ್ಕೆ ತನ್ನ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು, ಹೆಸರಿನ ಚೀಟಿ ತೂಗಹಾಕುವುದು. ಮೂರು ಜನ ಕೆಲಸಕ್ಕಿದ್ದರೆ ಮೂರು ಬೀಗ, ಕೊನೆಯವನು ಹೊರಬರುವವರೆಗೆ ಸ್ವಿಚ್ ಏಳದು. ಅಮೆರಿಕ 1989ರಲ್ಲಿ ಇದನ್ನು ಕಡ್ಡಾಯ ಮಾಡಿತು. ನಮ್ಮ ದೊಡ್ಡ ಕಾರ್ಖಾನೆಗಳಲ್ಲಿ ಇದರ ಹೆಸರು ‘ಲೋಟೋ’. ಬೀಗ ಹಾಕುವುದನ್ನು ಐದು ನಿಮಿಷದಲ್ಲಿ ಕಲಿಸಬಹುದು. ಮರೆಯುವುದು ಅದರ ಮುಂದಿನ ಹೆಜ್ಜೆ: ಬೀಗ ಹಾಕಿದ ಮೇಲೆ ಸ್ಟಾರ್ಟ್ ಬಟನ್ ಒತ್ತಿ ಯಂತ್ರ ನಿಜಕ್ಕೂ ಸತ್ತಿದೆಯೇ ಎಂದು ನೋಡುವುದು. ತಪ್ಪು ಸ್ವಿಚ್ಚಿಗೆ ಬೀಗ ಬಿದ್ದಿರಬಹುದು. ಹೈಡ್ರಾಲಿಕ್ ಪೈಪಿನಲ್ಲಿ ಒತ್ತಡ, ಕೆಪಾಸಿಟರಿನಲ್ಲಿ ವಿದ್ಯುತ್ತು, ಎತ್ತಿಟ್ಟ ರ‍್ಯಾಮಿನಲ್ಲಿ ಭಾರ ಉಳಿದಿರಬಹುದು. ಒಳ್ಳೆಯ ತರಬೇತುದಾರ ಬೇಕೆಂದೇ ಪಕ್ಕದ ಯಂತ್ರದ ಸ್ವಿಚ್ಚಿಗೆ ಬೀಗ ಹಾಕಿಸಿ, ಬಟನ್ ಒತ್ತು ಎನ್ನುತ್ತಾನೆ. ಸತ್ತಿದೆ ಎಂದುಕೊಂಡ ಯಂತ್ರ ಗುರ್ ಎಂದು ಎದ್ದಾಗ ಹುಡುಗನಿಗೆ ತಿಳಿಯುವುದು ಯಾವ ಸ್ಲೈಡಿನಿಂದಲೂ ತಿಳಿಯದು.

ಜಪಾನಿನ ರೈಲ್ವೆಯವರು ಶತಮಾನದಷ್ಟು ಹಿಂದೆಯೇ ರೂಢಿಗೆ ತಂದ ಒಂದು ಅಭ್ಯಾಸವೂ ಇಲ್ಲಿ ನೆನಪಾಗುತ್ತದೆ. ಸಿಗ್ನಲನ್ನು ನೋಡಿದರೆ ಸಾಲದು, ಬೆರಳು ಚಾಚಿ ತೋರಿಸಿ ಗಟ್ಟಿಯಾಗಿ ಹೇಳಬೇಕು. ನೋಡುವವರಿಗೆ ತಮಾಷೆ. ಆದರೆ 1994ರಲ್ಲಿ ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ ಮಾಡಿದ ಪ್ರಯೋಗದಲ್ಲಿ, ಸರಳ ಕೆಲಸವೊಂದರಲ್ಲಿ ನೂರಕ್ಕೆ 2.38ರಷ್ಟಿದ್ದ ತಪ್ಪು ತೋರಿಸಿ ಹೇಳುವುದರಿಂದ 0.38ಕ್ಕೆ ಇಳಿಯಿತು. ತಾನಾಗಿ ಓಡುವ ಕೈಯನ್ನು ಒಂದು ಕ್ಷಣ ನಿಲ್ಲಿಸಿ ಮಿದುಳಿಗೆ ಒಪ್ಪಿಸುವ ಉಪಾಯ ಅದು.

ಇಷ್ಟಾದರೂ ಅಭ್ಯಾಸಕ್ಕೆ ಇನ್ನೊಂದು ಮುಖವಿದೆ. ನಿಮಿಷಕ್ಕೆ 10 ಪೀಸು ಹೊಡೆದರೆ ಎಂಟು ಗಂಟೆಯ ಶಿಫ್ಟಿಗೆ 4800. ಇಕ್ಕಳ ಬಿಟ್ಟು ಕೈಯಿಂದಲೇ ಪೀಸು ಇಟ್ಟರೂ 4800 ಸಲವೂ ಏನೂ ಆಗುವುದಿಲ್ಲ. ಮಾರನೆಯ ದಿನವೂ ಆಗುವುದಿಲ್ಲ. ಯಂತ್ರವೇ ದಿನವಿಡೀ ಅವನಿಗೆ ಪಾಠ ಹೇಳುತ್ತದೆ: ಏನೂ ಆಗುವುದಿಲ್ಲ, ಬೇಗ ಮಾಡು. ರಾಲ್ಫ್ ಹರ್ಟ್‌ವಿಗ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಅಪರೂಪದ ಫಲಿತಾಂಶವೊಂದನ್ನು ಅಂಕಿಯಲ್ಲಿ ಬರೆದು ಕೊಟ್ಟರೆ ಜನ ಅದಕ್ಕೆ ಇರುವುದಕ್ಕಿಂತ ಹೆಚ್ಚು ತೂಕ ಕೊಡುತ್ತಾರೆ. ಅದನ್ನೇ ಮತ್ತೆ ಮತ್ತೆ ಆಡಿ ಅನುಭವದಿಂದ ತಿಳಿಯಲು ಬಿಟ್ಟರೆ ಇರುವುದಕ್ಕಿಂತ ಕಡಿಮೆ ತೂಕ ಕೊಡುತ್ತಾರೆ. ಪೋಸ್ಟರ್ ಓದುವ ಹೊಸಬ ಹೆದರುವುದೂ, ಹತ್ತು ವರ್ಷ ದುಡಿದವನು ಗಾರ್ಡ್ ಕಳಚಿಡುವುದೂ ಒಂದೇ ಮನಸ್ಸಿನ ಎರಡು ನಡೆಗಳು. ಅನುಭವಿಗಳಿಗೆ ತರಬೇತಿ ಬೇಡ ಎನ್ನುವವರು ಇದನ್ನು ಗಮನಿಸಬೇಕು. ಇದಕ್ಕಾಗಿಯೇ ಕೆಲವು ವಾಹನ ಕಾರ್ಖಾನೆಗಳಲ್ಲಿ ‘ಸೇಫ್ಟಿ ದೋಜೋ’ ಎಂಬ ಕೋಣೆಯಿರುತ್ತದೆ. ಬೆಲ್ಟಿನ ಸೆಳೆತ, ರೋಲರಿನ ಹಿಡಿತ, ಗಾಳಿಯ ಸಿಲಿಂಡರಿನ ಏಟು ಇವನ್ನೆಲ್ಲ ಅಪಾಯವಿಲ್ಲದಷ್ಟು ಬಲದಲ್ಲಿ ಅಲ್ಲಿ ಅನುಭವಕ್ಕೆ ತರುತ್ತಾರೆ. ಅಂಥ ಕೋಣೆ ಕಟ್ಟಲಾಗದ ಶೆಡ್ಡಿನಲ್ಲಿ ಒಂದು ಹಳೆಯ ಕೈಗವಸಿನ ಬೆರಳುಗಳಿಗೆ ನುಗ್ಗೆಕಾಯಿ ತುಂಬಿ, ಡೈ ಮೇಲಿಟ್ಟು, ಎಲ್ಲರನ್ನೂ ದೂರ ನಿಲ್ಲಿಸಿ ಒಮ್ಮೆ ಪೆಡಲ್ ಒತ್ತಬಹುದು.

ಇಂಥ ಕಲಿಕೆಯಿಂದ ಪ್ರಯೋಜನವಿದೆಯೇ ಎಂದು ಅಳೆದವರಿದ್ದಾರೆ. ಮೈಕೆಲ್ ಬರ್ಕ್ ಮತ್ತು ಸಂಗಡಿಗರು 1971ರಿಂದ 2003ರವರೆಗಿನ 95 ಅಧ್ಯಯನಗಳನ್ನು, ಸುಮಾರು 21 ಸಾವಿರ ಕೆಲಸಗಾರರ ಮಾಹಿತಿಯನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದರು. ಕೈಯಾರೆ ಮಾಡಿ, ಮಾತನಾಡಿ, ತಿದ್ದಿಸಿಕೊಂಡು ಕಲಿಯುವ ವಿಧಾನಗಳು ಬರೀ ಭಾಷಣ, ಕರಪತ್ರ, ವಿಡಿಯೋಗಳಿಗಿಂತ ಜ್ಞಾನ ಮತ್ತು ಕೌಶಲದ ಮಟ್ಟಿಗೆ ಸರಾಸರಿ ಮೂರು ಪಟ್ಟು ಪರಿಣಾಮಕಾರಿ ಎಂದು ಕಂಡುಬಂತು. ಆದರೆ 2012ರಲ್ಲಿ ಲಿಂಡಾ ರಾಬ್ಸನ್ ತಂಡ ಕಟ್ಟುನಿಟ್ಟಾದ ಪ್ರಯೋಗಗಳನ್ನು ಮಾತ್ರ ಆರಿಸಿ ಪರಿಶೀಲಿಸಿದಾಗ, ತರಬೇತಿಯಿಂದ ಕೆಲಸಗಾರರ ನಡವಳಿಕೆ ಬದಲಾಗುವುದಕ್ಕೆ ಬಲವಾದ ಪುರಾವೆ ಸಿಕ್ಕಿತು. ತರಬೇತಿಯೊಂದರಿಂದಲೇ ಗಾಯಗಳು ಇಳಿಯುತ್ತವೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ.

ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಎಷ್ಟೇ ಪಳಗಿದ ಕೈಯಾದರೂ ಎಂದಾದರೊಮ್ಮೆ ತಪ್ಪುತ್ತದೆ, ಆ ಒಂದು ಸಲವನ್ನು ಯಂತ್ರವೇ ತಡೆಯಬೇಕು. ಎರಡು ಕೈಯಿಂದ ಎರಡು ಗುಂಡಿಗಳನ್ನು ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಿದರೆ ಮಾತ್ರ ಓಡುವ ವ್ಯವಸ್ಥೆ ಹುಟ್ಟಿದ್ದು ಇದಕ್ಕೇ. ಒಂದು ಗುಂಡಿಯನ್ನು ಟೇಪಿನಿಂದ ಅಂಟಿಸಿಟ್ಟು ಇನ್ನೊಂದನ್ನಷ್ಟೇ ಒತ್ತುವ ಜಾಣರಿಗಾಗಿ ಆ ಅರ್ಧ ಸೆಕೆಂಡಿನ ಷರತ್ತು. ಬೆಳಕಿನ ಪರದೆಯೂ ಉಂಟು, ಕೈ ಅಡ್ಡ ಬಂದರೆ ರ‍್ಯಾಮ್ ನಿಲ್ಲುತ್ತದೆ. ಚಾಚುವ ಕೈಯ ವೇಗವನ್ನು ಸೆಕೆಂಡಿಗೆ 2 ಮೀಟರ್ ಎಂದು ಹಿಡಿಯುವುದು ಅಂತರರಾಷ್ಟ್ರೀಯ ಮಾನದಂಡ. ಪ್ರೆಸ್ ನಿಲ್ಲಲು ಒಟ್ಟು 0.2 ಸೆಕೆಂಡು ಬೇಕಾದರೆ ಪರದೆ ಡೈಯಿಂದ ಕನಿಷ್ಠ 40 ಸೆಂಟಿಮೀಟರ್ ದೂರವಿರಬೇಕು. ಪಿನ್ ಕ್ಲಚ್ಚಿನ ಪ್ರೆಸ್ಸಿಗೆ ಈ ಪರದೆ ವ್ಯರ್ಥ, ಅದು ನಡುವೆ ನಿಲ್ಲುವುದೇ ಇಲ್ಲವಲ್ಲ. ಎರಡು ಗುಂಡಿ ಹಾಕೋಣವೆಂದರೆ, ಆ ಒಂದೂವರೆ ಸೆಕೆಂಡಿನ ವಿಳಂಬದಲ್ಲಿ ಅಮೆರಿಕದ ನಿಯಮದ 1.6 ಮೀಟರ್ ವೇಗದ ಲೆಕ್ಕದಂತೆ ಗುಂಡಿಗಳು ಡೈಯಿಂದ 2.4 ಮೀಟರ್ ದೂರವಿರಬೇಕಾಗುತ್ತದೆ! ಅಂಥ ಯಂತ್ರಕ್ಕೆ ಉಳಿದ ದಾರಿ, ಬೆರಳು ತೂರದ, ತಗಡು ಮಾತ್ರ ತೂರುವ ಗಟ್ಟಿ ಗಾರ್ಡ್, ಜತೆಗೆ ಏನಾದರೂ ಬಿದ್ದರೆ ಒತ್ತಿಕೊಳ್ಳದಂತೆ ಪೆಡಲಿಗೊಂದು ಮುಚ್ಚಳ. ಕ್ಲಚ್ಚಿನ ಪಿನ್ನು, ಸ್ಪ್ರಿಂಗು ಸವೆದು ತಾನಾಗಿ ಎರಡನೇ ಏಟು ಬೀಳುವ ‘ಡಬಲ್ ಸ್ಟ್ರೋಕ್’ ಆಗದಂತೆ ಮೇಂಟೆನೆನ್ಸು.

ಗಾರ್ಡ್ ಹಾಕುವುದಕ್ಕಿಂತ ಕೆಲಸಗಾರನನ್ನು ಬೈಯುವುದು ಅಗ್ಗ ಎಂಬ ಮನೋಭಾವಕ್ಕೆ ಹಳೆಯ ಬೇರಿದೆ. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹರ್ಬರ್ಟ್ ಹೈನ್‌ರಿಕ್ 1931ರ ತನ್ನ ಪುಸ್ತಕದಲ್ಲಿ ಶೇಕಡಾ 88ರಷ್ಟು ಅಪಘಾತಗಳಿಗೆ ಕೆಲಸಗಾರರ ತಪ್ಪು ನಡೆಯೇ ಕಾರಣ ಎಂದು ಬರೆದ. ಅವನು ಬಳಸಿದ ದಾಖಲೆಗಳಲ್ಲಿ ಹೆಚ್ಚಿನವು ಮೇಲಧಿಕಾರಿಗಳು ಬರೆದ ವರದಿಗಳು ಎಂಬುದನ್ನು ಯಾರೂ ಬ್ಯಾನರಿನಲ್ಲಿ ಬರೆಯುವುದಿಲ್ಲ.

ಕಾನೂನು ಏನನ್ನುತ್ತದೆ? ಹರೆಯದವರನ್ನು ಅಪಾಯಕಾರಿ ಯಂತ್ರಕ್ಕೆ ಹಾಕುವ ಮೊದಲು ಅಪಾಯಗಳನ್ನು ಪೂರ್ತಿ ತಿಳಿಸಿ, ಸಾಕಷ್ಟು ತರಬೇತಿ ಕೊಟ್ಟಿರಬೇಕು, ಇಲ್ಲವೇ ಬಲ್ಲವರ ಮೇಲ್ವಿಚಾರಣೆ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 23ನೇ ಕಲಂ ಹೇಳಿತು. ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿ ಸುರಕ್ಷತೆಯ ಮಾಹಿತಿ ಮತ್ತು ತರಬೇತಿಯನ್ನು ಕೆಲಸಗಾರನ ಹಕ್ಕೆಂದೇ ಸೇರಿಸಿತು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ. ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಎನಿಸಲು ಹಿಂದೆ 10 ಜನ ಕೆಲಸಗಾರರು ಸಾಕಿತ್ತು, ಸಂಹಿತೆಯಲ್ಲಿ ಅದು 20. ಹತ್ತು ಹನ್ನೆರಡು ಜನರ ಪ್ರೆಸ್ ಶೆಡ್ಡುಗಳು ಬೀಳುವುದು ಈ ಎರಡು ಸಂಖ್ಯೆಗಳ ನಡುವೆಯೇ. ಇದನ್ನು ಸುಧಾರಣೆ ಎನ್ನಲು ನನ್ನಿಂದಾಗದು.

ಪೀಣ್ಯದ ಪ್ರೆಸ್ಸುಗಳ ಮುಂದೆ ಇಂದು ಒಡಿಶಾ, ಬಿಹಾರ, ಅಸ್ಸಾಮುಗಳಿಂದ ಬಂದ ಹುಡುಗರು ಬಹಳ. ಅವರಿಗೆ ಕನ್ನಡದ ಬೋರ್ಡೂ ಒಂದೇ, ಇಂಗ್ಲಿಷಿನ ಸ್ಲೈಡೂ ಒಂದೇ. ಕೈ ಹಿಡಿದು ಮಾಡಿಸುವ ಪಾಠಕ್ಕೆ ಭಾಷೆಯ ತೊಡಕು ಕಡಿಮೆ. ಆದರೂ ಅವರ ಮಾತು ಬಲ್ಲ ಹಿರಿಯ ಕೆಲಸಗಾರನೊಬ್ಬನಿಗೆ ಕಲಿಸುವ ವಿದ್ಯೆ ಕಲಿಸಿ, ಆ ಹೊತ್ತಿನ ಟಾರ್ಗೆಟ್ಟನ್ನು ಅವನ ಲೆಕ್ಕದಿಂದ ಬಿಡುವುದು ಒಳ್ಳೆಯದು.

ತರಬೇತಿಯಲ್ಲಿ ಇದನ್ನೂ ಸೇರಿಸಿ. ಬೆರಳು ತುಂಡಾದರೆ ಗಾಯದ ಮೇಲೆ ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ ಕೈಯನ್ನು ಮೇಲೆತ್ತಿ ಹಿಡಿಯಬೇಕು. ತುಂಡಾದ ಬೆರಳನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಡಬೇಕು. ಬೆರಳನ್ನು ನೇರವಾಗಿ ಐಸಿನ ಮೇಲೆ ಇಡಬಾರದು. ಹೀಗೆ ತಂದ ಬೆರಳನ್ನು ಮತ್ತೆ ಜೋಡಿಸಲು ಎಷ್ಟೋ ಸಲ ಸಾಧ್ಯ. ಪ್ರೆಸ್ಸಿನಡಿ ಜಜ್ಜಿಹೋದದ್ದನ್ನು ಜೋಡಿಸುವುದು ಬಹಳ ಕಷ್ಟ.

ಪ್ರೆಸ್ ಇಟ್ಟುಕೊಂಡ ಮಾಲೀಕರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಬೆಳಿಗ್ಗೆ ಹೆಲ್ಪರ್ ಎಂದು ಸೇರಿದ ಹುಡುಗನನ್ನು, ಆಪರೇಟರ್ ಬಂದಿಲ್ಲವೆಂದು, ಮಧ್ಯಾಹ್ನದ ಶಿಫ್ಟಿಗೆ ಪೆಡಲಿನ ಮುಂದೆ ಕೂರಿಸಬೇಡಿ. ಆ ದಿನ ಪ್ರೆಸ್ ನಿಂತರೂ ಪರವಾಗಿಲ್ಲ.